ಬಾಣಂತಿಯ ತಟ್ಟೆಗೂ ಬಣ್ಣ ಬೇಕು

ನಮ್ಮ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ಬಡಿಸುವ ಊಟವನ್ನು ಗಮನಿಸಿದ್ದೀರಾ? ಬಿಳಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ಸೊಪ್ಪು ತಿಂದರೆ ಮಗುವಿಗೆ ಭೇದಿ, ಹಣ್ಣು ತಿಂದರೆ ಶೀತ, ಪರಂಗಿಯಂತೂ ಬೇಡವೇ ಬೇಡ ಎನ್ನುತ್ತಾರೆ. ಆರು ತಿಂಗಳಾದ ಮೇಲೆ ಮಗುವಿನ ಬಟ್ಟಲಿಗೆ ಬರುವುದೂ ಹೆಚ್ಚಾಗಿ ಬಿಳಿಯೇ: ಅನ್ನದ ಗಂಜಿ, ರವೆ ಗಂಜಿ, ಹಾಲಿನಲ್ಲಿ ಅದ್ದಿದ ಬಿಸ್ಕತ್ತು. ಹೊಟ್ಟೆಯೇನೋ ತುಂಬುತ್ತದೆ. ಆದರೆ ಗಿಡಗಳು ಕೊಡುವ ಬಣ್ಣ ತಾಯಿಗೂ ಸಿಗುವುದಿಲ್ಲ, ಮಗುವಿಗೂ ಸಿಗುವುದಿಲ್ಲ.

ಬಣ್ಣ ಕಣ್ಣಿಗೆ ಚೆಂದ ಕಾಣಲೆಂದು ಮಾತ್ರ ಇರುವುದಲ್ಲ. ಕ್ಯಾರೆಟ್, ಸಿಹಿಗುಂಬಳ, ಮಾವು, ಪರಂಗಿಯ ಹಳದಿ-ಕೇಸರಿಗೆ ಕಾರಣ ಕ್ಯಾರೊಟಿನಾಯ್ಡ್‌ಗಳು. ಅವುಗಳಲ್ಲಿ ಮುಖ್ಯವಾದ ಬೀಟಾ ಕ್ಯಾರೊಟಿನ್ ನಮ್ಮ ದೇಹದೊಳಗೆ 'ಎ' ಜೀವಸತ್ವವಾಗಿ ಬದಲಾಗುತ್ತದೆ. ಹಸಿರು ಸೊಪ್ಪಿನಲ್ಲೂ ಇದು ಧಾರಾಳವಾಗಿದೆ, ಪತ್ರಹರಿತ್ತಿನ ಹಸಿರಿನಡಿ ಅಡಗಿರುವುದರಿಂದ ನಮಗೆ ಕಾಣುವುದಿಲ್ಲ ಅಷ್ಟೆ. ಸೊಪ್ಪಿನಲ್ಲಿರುವ ಇನ್ನೊಂದು ವರ್ಣದ್ರವ್ಯ ಲ್ಯೂಟಿನ್. ಕಣ್ಣಿನ ಅಕ್ಷಿಪಟದ ನಡುಭಾಗದಲ್ಲಿ ಶೇಖರವಾಗಿ, ಕಣ್ಣೊಳಗೆ ಬರುವ ನೀಲಿ ಬೆಳಕನ್ನು ಸೋಸುವುದು ಅದರ ಕೆಲಸ. ಈ ಎರಡನ್ನೂ ಮನುಷ್ಯನ ದೇಹ ತಾನಾಗಿ ತಯಾರಿಸಲಾರದು, ಆಹಾರದಿಂದಲೇ ಬರಬೇಕು.

ಹಾಲು ಕುಡಿಯುವ ಮಗುವಿಗೆ ಆಹಾರವೆಂದರೆ ತಾಯಿಯ ಹಾಲು. ಹೆರಿಗೆಯಾದ ಮೊದಲ ದಿನಗಳ ಹಾಲು ಹಳದಿಯಾಗಿರುವುದು ಕೆಟ್ಟಿದೆಯೆಂದಲ್ಲ. ಅದರಲ್ಲಿ ಕ್ಯಾರೊಟಿನಾಯ್ಡ್‌ಗಳು ನಂತರದ ಹಾಲಿಗಿಂತ ಹಲವು ಪಟ್ಟು ಹೆಚ್ಚಾಗಿರುತ್ತವೆ. ಅದನ್ನು ಹಿಂಡಿ ಚೆಲ್ಲುವುದೆಂದರೆ ಮಗುವಿನ ಮೊದಲ ಆಸ್ತಿಯನ್ನೇ ಚೆಲ್ಲಿದಂತೆ. ಮುಂದಿನ ದಿನಗಳ ಹಾಲಿನಲ್ಲಿ ಲ್ಯೂಟಿನ್, ಕ್ಯಾರೊಟಿನ್ ಎಷ್ಟಿರುತ್ತವೆ ಎಂಬುದು ತಾಯಿ ಏನು ಉಣ್ಣುತ್ತಾಳೆ ಎಂಬುದನ್ನು ಅವಲಂಬಿಸಿದೆ. ಪಥ್ಯದ ಹೆಸರಿನಲ್ಲಿ ಅವಳ ತಟ್ಟೆಯಿಂದ ಸೊಪ್ಪು ತೆಗೆದರೆ ಮಗುವಿನ ಪಾಲನ್ನೂ ತೆಗೆದಂತೆ.

ಇದರಲ್ಲಿ ಜೀವದ ಪ್ರಶ್ನೆಯೂ ಇದೆ. 'ಎ' ಜೀವಸತ್ವ ಕಡಿಮೆಯಾದರೆ ಮೊದಲು ಇರುಳುಗಣ್ಣು, ಆಮೇಲೆ ಕಣ್ಣು ಒಣಗುವುದು, ಕೊನೆಗೆ ಪೂರ್ಣ ಕುರುಡು. ಜೊತೆಗೆ ದಡಾರ, ಭೇದಿಯಂಥ ಕಾಯಿಲೆಗಳನ್ನು ತಡೆದುಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ತಮಿಳುನಾಡಿನಲ್ಲಿ ಸುಮಾರು 15 ಸಾವಿರ ಪುಟ್ಟ ಮಕ್ಕಳ ಮೇಲೆ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಹಾರದಿಂದಲೇ ಪಡೆಯಬಹುದಾದಷ್ಟು ಸಣ್ಣ ಪ್ರಮಾಣದ 'ಎ' ಜೀವಸತ್ವವನ್ನು ವಾರಕ್ಕೊಮ್ಮೆ ಕೊಟ್ಟಾಗ ಸಾವುಗಳು ಅರ್ಧಕ್ಕಿಂತ ಕಡಿಮೆಯಾದವು. ನಮ್ಮ ದೇಶದಲ್ಲಿ 1970ರಿಂದಲೇ ಮಕ್ಕಳಿಗೆ 'ಎ' ಜೀವಸತ್ವದ ದ್ರಾವಣ ಕೊಡುವ ಕಾರ್ಯಕ್ರಮವಿದೆ. ಒಂಬತ್ತು ತಿಂಗಳಿಗೆ ದಡಾರದ ಲಸಿಕೆಯೊಂದಿಗೆ ಮೊದಲ ಡೋಸ್, ನಂತರ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ. ಅದನ್ನು ತಪ್ಪಿಸಬಾರದು. ಆದರೆ ವರ್ಷಕ್ಕೆರಡು ಬಾರಿಯ ದ್ರಾವಣ ದಿನದ ಊಟಕ್ಕೆ ಬದಲಿಯಲ್ಲ.

ಹಾಗೆಂದು ಗಿಡದ ಬಣ್ಣವೊಂದೇ ಸಾಕು ಎನ್ನುವಂತಿಲ್ಲ. ಒಂದು ಮೈಕ್ರೋಗ್ರಾಂ 'ಎ' ಜೀವಸತ್ವಕ್ಕೆ ಆಹಾರದ 12 ಮೈಕ್ರೋಗ್ರಾಂ ಬೀಟಾ ಕ್ಯಾರೊಟಿನ್ ಬೇಕು ಎಂಬುದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2001ರಲ್ಲಿ ಹೇಳಿದ ಲೆಕ್ಕ. ಆದ್ದರಿಂದ ಮೊಟ್ಟೆ, ಹಾಲು ಒಗ್ಗುವ ಮನೆಯಲ್ಲಿ ಅವೂ ಇರಲಿ. ಸೊಪ್ಪು-ತರಕಾರಿಯನ್ನು ಹೇಗೆ ಕೊಡುತ್ತೇವೆ ಎಂಬುದೂ ಮುಖ್ಯ. ಕ್ಯಾರೊಟಿನ್ ನೀರಿನಲ್ಲಿ ಕರಗದು, ಎಣ್ಣೆ-ತುಪ್ಪದಲ್ಲಿ ಕರಗುತ್ತದೆ. ಬೇಯಿಸಿ ಮಸೆದಾಗ ಸಸ್ಯಕೋಶದ ಗೋಡೆ ಒಡೆದು ಅದು ಹೊರಬರುತ್ತದೆ. ಆರು ತಿಂಗಳು ತುಂಬಿದ ಮಗುವಿಗೆ ಮೆತ್ತಗೆ ಬೆಂದ ಕುಂಬಳವೋ ನುಣ್ಣಗೆ ಅರೆದ ನುಗ್ಗೆಸೊಪ್ಪೋ ಬೇಳೆ-ಅನ್ನಕ್ಕೆ ಬೆರೆತು, ಮೇಲೊಂದು ಚಮಚ ತುಪ್ಪ ಬಿದ್ದರೆ ಲೆಕ್ಕ ಸರಿಹೋಯಿತು. ರಾಗಿ ಸರಿಗೂ ಒಂದು ಹಿಡಿ ಬಣ್ಣ ಸೇರಲಿ. ಆರು ತಿಂಗಳು ತುಂಬುವ ಮೊದಲು ಮಾತ್ರ ಎದೆಹಾಲೊಂದೇ.

ಎರಡು ವಿಷಯ ನೆನಪಿರಲಿ. ಕ್ಯಾರೆಟ್, ಕುಂಬಳ ದಿನವೂ ಹೆಚ್ಚಾಗಿ ತಿನ್ನುವ ಮಗುವಿನ ಅಂಗೈ, ಮೂಗಿನ ತುದಿ ಹಳದಿಯಾಗಬಹುದು. ಕಣ್ಣಿನ ಬಿಳಿಭಾಗ ಬಿಳಿಯಾಗಿಯೇ ಇದ್ದರೆ ಅದು ಕಾಮಾಲೆಯಲ್ಲ, ಆ ತರಕಾರಿ ಕಡಿಮೆ ಮಾಡಿದರೆ ತಾನಾಗಿ ಹೋಗುತ್ತದೆ. ಕಣ್ಣೂ ಹಳದಿಯಾದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಇನ್ನು, ಎಲ್ಲ ಬಣ್ಣವೂ ಒಂದೇ ಅಲ್ಲ. ಬೀಟ್‌ರೂಟ್‌ನ ಕೆಂಪು 'ಎ' ಜೀವಸತ್ವವಾಗುವುದಿಲ್ಲ. ಅಂಗಡಿ ತಿಂಡಿಗಳ ಗಾಢ ಬಣ್ಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಬಾಂಬೆ ಮಿಠಾಯಿಯ ರೋಡಮೈನ್-ಬಿ ಬಣ್ಣವನ್ನು ನಮ್ಮ ಸರ್ಕಾರ 2024ರಲ್ಲಿ ನಿಷೇಧಿಸಿದ್ದು ನೆನಪಿದೆಯಲ್ಲ?

ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಬಾಣಂತಿಯಾಗಿದ್ದಾಗ ಅಡುಗೆಯ ತೀರ್ಮಾನ ನಮ್ಮ ವಯಸ್ಸಿನವರದಲ್ಲ, ನಿಜ. ಆದರೆ ಸಂತೆಯಿಂದ ಬರುವಾಗ ಒಂದು ಕಟ್ಟು ದಂಟಿನ ಸೊಪ್ಪು ತರುವುದು ನಮ್ಮ ಕೈಲಿದೆ. ಹಿರಿಯರ ಜೊತೆ ಜಗಳವೂ ಬೇಡ. ಅವರ ಪಥ್ಯದಲ್ಲಿರುವ ತುಪ್ಪ ಸೊಪ್ಪಿನ ಸತ್ವ ಮೈಗೆ ಹತ್ತಲು ನೆರವಾಗುತ್ತದೆ. ಹಾಲು ಹೆಚ್ಚಲೆಂದು ಸಬ್ಬಸಿಗೆ ಸೊಪ್ಪನ್ನು ಅವರೇ ಬಾಣಂತಿಗೆ ಕೊಡುತ್ತಾರೆ. ಸಬ್ಬಸಿಗೆಯನ್ನು ಒಪ್ಪಿರುವ ಅಜ್ಜಿ, ತಾಳ್ಮೆಯಿಂದ ಕೇಳಿದರೆ, ನುಗ್ಗೆಸೊಪ್ಪನ್ನೂ ಒಪ್ಪಿಯಾರು.