ಕೆಲಸಗಾರನ ಆಧಾರ್ ಕಾರ್ಡು ವಾಟ್ಸಾಪಿನಲ್ಲಿ: ದಂಡ ಮಾಲಕರ ತಲೆಗೆ

ಮಲಾಡ್‌ನ ಎಸ್.ವಿ. ರೋಡಿನಿಂದ ಮಾರ್ವೆ, ಮಢ್ ತನಕ ಹೊಟೇಲು ನಡೆಸುವ ನಮ್ಮ ಬಾಂಧವರ ಮೊಬೈಲಿಗೆ ಆಗಾಗ ಒಂದೇ ಬಗೆಯ ಸಂದೇಶ ಬರುತ್ತದೆ. ಒಬ್ಬ ಕೆಲಸಗಾರನ ಫೋಟೋ, ಆತನ ಆಧಾರ್ ಕಾರ್ಡಿನ ಎರಡೂ ಬದಿ, ಊರಿನ ವಿಳಾಸ, ಫೋನ್ ನಂಬರು. ಕೆಳಗೆ ‘ಮುಂಗಡ ಪಡೆದು ಪರಾರಿ, ಯಾರೂ ಇಟ್ಟುಕೊಳ್ಳಬೇಡಿ, ಎಲ್ಲರಿಗೂ ಕಳುಹಿಸಿ’ ಎಂಬ ಒಕ್ಕಣೆ. ಶನಿವಾರ ರಾತ್ರಿ ಗಿರಾಕಿ ತುಂಬಿರುವಾಗ ತಂದೂರಿಯವನೇ ನಾಪತ್ತೆಯಾದರೆ ಆಗುವ ಸಂಕಟ ನಮಗೂ ಗೊತ್ತು. ಆದರೆ ಆ ಸಂದೇಶ ಒತ್ತುವ ಬೆರಳಿಗೆ ಇನ್ನು ಮುಂದೆ ಬೆಲೆ ಇದೆ ಎಂಬುದನ್ನು ಸದಸ್ಯರು ತಿಳಿದಿರಬೇಕು.

ದೇಶದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಯವರ ಅಂಕಿತ ಬಿತ್ತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರಲು ಆಗ ಕೊಟ್ಟ ಅವಧಿ 18 ತಿಂಗಳು, ಅಂದರೆ 2027ರ ಮೇ ತನಕ. ಜನರ ಮಾಹಿತಿಯನ್ನು ಭದ್ರವಾಗಿಡದೆ ಸೋರಿಕೆಗೆ ಎಡೆಮಾಡಿದರೆ 250 ಕೋಟಿ ರೂ.ವರೆಗೆ, ಸೋರಿಕೆಯಾದದ್ದನ್ನು ಮಂಡಳಿಗೆ ಮತ್ತು ಸಂಬಂಧಪಟ್ಟವರಿಗೆ ತಿಳಿಸದಿದ್ದರೆ 200 ಕೋಟಿವರೆಗೆ, ಒಪ್ಪಿಗೆಯಿಲ್ಲದೆ ಹಂಚುವಂಥ ಇತರ ಉಲ್ಲಂಘನೆಗೆ 50 ಕೋಟಿವರೆಗೆ ದಂಡ. ‘ನಮ್ಮ ಇಡ್ಲಿ-ವಡೆಯ ಹೊಟೇಲಿಗೆ 250 ಕೋಟಿಯೇ?’ ಎಂದು ನಗುವವರಿದ್ದಾರೆ. ನಿಜ, ಅವು ಗರಿಷ್ಠ ಅಂಕೆಗಳು. ತಪ್ಪಿನ ಗಾತ್ರ, ಅವಧಿ, ಅದರಿಂದ ಆದ ಲಾಭ ಎಲ್ಲವನ್ನೂ ನೋಡಿ ಮಂಡಳಿ ಮೊತ್ತ ನಿಗದಿ ಮಾಡಬೇಕು. ಆದರೆ ಚಿಕ್ಕ ಹೊಟೇಲೆಂದು ಕಾಯಿದೆ ತಾನಾಗಿ ಬಿಟ್ಟುಬಿಡುವುದಿಲ್ಲ. ಕಳುಹಿಸಿದವನು ನಿಮ್ಮ ಮೆನೇಜರನೋ ಕ್ಯಾಪ್ಟನನೋ ಆಗಿರಬಹುದು. ಹೊಟೇಲಿನ ಕೆಲಸಕ್ಕಾಗಿ ಕಳುಹಿಸಿದ್ದಾದರೆ ಉತ್ತರ ಹೇಳಬೇಕಾದವರು ಮಾಲಕರು.

ಕೌಂಟರಿನ ಕಾಗದದ ರಿಜಿಸ್ಟರು ಕಾಗದವಾಗಿಯೇ ಇದ್ದರೆ ಈ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ. ಅದರ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದೊಡನೆ ಬರುತ್ತದೆ! ಮನೆಯ ಖಾಸಗಿ ಬಳಕೆಗೆ ವಿನಾಯಿತಿ ಇದೆ, ವ್ಯಾಪಾರದ ಗ್ರೂಪಿಗೆ ಇಲ್ಲ.

2027ರ ತನಕ ಸ್ವಾತಂತ್ರ್ಯ ಎಂದು ತಿಳಿಯುವುದೂ ಬೇಡ. ಒಪ್ಪಂದದ ಮೇರೆಗೆ ಕೈಗೆ ಬಂದ ಮಾಹಿತಿಯನ್ನು ನಷ್ಟ ಮಾಡುವ ಉದ್ದೇಶದಿಂದ, ಇಲ್ಲವೇ ನಷ್ಟವಾಗುವುದೆಂದು ತಿಳಿದೇ ಬಹಿರಂಗಪಡಿಸಿದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 72ಎ ಕಲಮಿನಡಿ ಮೂರು ವರ್ಷದವರೆಗೆ ಜೈಲು ಇದೆ. ಅದರ ದಂಡದ ಮಿತಿಯನ್ನು 2023ರಲ್ಲಿ 5 ಲಕ್ಷದಿಂದ 25 ಲಕ್ಷಕ್ಕೆ ಏರಿಸಲಾಗಿದೆ. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರದರ್ಶಿಸಬಾರದೆಂದು 2016ರ ಆಧಾರ್ ಕಾಯಿದೆಯೂ ಹೇಳುತ್ತದೆ.

ಇದಕ್ಕೆಲ್ಲ ಬುನಾದಿ ಹಾಕಿದವರು ಕನ್ನಡಿಗರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿರುದ್ಧ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಲಾಡ್ಜ್ ನಡೆಸುವವರ ವಿಷಯ ಇನ್ನೂ ಸೂಕ್ಷ್ಮ. 2015ರ ಆಗಸ್ಟ್‌ನಲ್ಲಿ ನಮ್ಮದೇ ಮಲಾಡ್‌ನ ಮಢ್, ಅಕ್ಸಾ ಭಾಗದ ಹೊಟೇಲುಗಳ ಮೇಲೆ ಪೊಲೀಸರು ದಾಳಿ ಮಾಡಿ ಸುಮಾರು 40 ಜೋಡಿಗಳನ್ನು ಠಾಣೆಗೆ ಒಯ್ದದ್ದು ಹಲವರಿಗೆ ನೆನಪಿರಬಹುದು. ದೇಶದಾದ್ಯಂತ ಟೀಕೆ ಬಂದು, ವಿಚಾರಣೆಗೆ ಆದೇಶವಾಯಿತು. ಅಂದು ಪ್ರಶ್ನೆಗೆ ಒಳಗಾದದ್ದು ಪೊಲೀಸರ ಕ್ರಮ. ನಮ್ಮ ರಿಜಿಸ್ಟರಿನ ಒಂದು ಪುಟವೋ ಸಿಸಿಟಿವಿಯ ತುಣುಕೋ ಹೊರಬಿದ್ದಿದ್ದರೆ ಆ ಹುಡುಗ ಹುಡುಗಿಯರ ಗತಿ ಏನು, ನಮ್ಮ ಗತಿ ಏನು?

ದೊಡ್ಡ ಹೊಟೇಲುಗಳು ಈ ಬಿಸಿ ಅನುಭವಿಸಿವೆ. ಮಾರಿಯಟ್ ಕಂಪೆನಿ 2016ರಲ್ಲಿ ಸ್ಟಾರ್‌ವುಡ್ ಹೊಟೇಲುಗಳನ್ನು ಖರೀದಿಸಿತು. ಸ್ಟಾರ್‌ವುಡ್‌ನ ಕಂಪ್ಯೂಟರಿಗೆ 2014ರಲ್ಲೇ ಕಳ್ಳರು ನುಗ್ಗಿದ್ದರು, ಪತ್ತೆಯಾದದ್ದು 2018ರಲ್ಲಿ. ಸುಮಾರು 33.9 ಕೋಟಿ ಅತಿಥಿಗಳ ದಾಖಲೆಯ ವಿಷಯ. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2020ರಲ್ಲಿ 1.84 ಕೋಟಿ ಪೌಂಡ್ ದಂಡ ಹಾಕಿತು. ಹಳೆಯ ಹೊಟೇಲು ಕೊಂಡವರಿಗೆ ಅದರ ಹಳೆಯ ಪಾಪವೂ ಬಂತು! ಇಲ್ಲಿ ಹೊಟೇಲು ಕಂಡಕ್ಟ್ ಮೇಲೆ ಪಡೆಯುವವರು ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಹಿಂದಿನವರು ಏನೇನು ಬಿಟ್ಟುಹೋಗಿದ್ದಾರೆಂದು ಒಮ್ಮೆ ನೋಡುವುದು ಒಳ್ಳೆಯದು.

ಮತ್ತೆ ಆ ಕೆಲಸಗಾರನ ವಿಷಯಕ್ಕೆ ಬರೋಣ. ಕಾನೂನಿಗಿಂತ ಇದೇ ನಮ್ಮನ್ನು ಹೆಚ್ಚು ಕಾಡುವುದು. ನಮ್ಮಲ್ಲಿ ಅನೇಕರು ಕುಂದಾಪುರ, ಕಾರ್ಕಳ, ಕಾಪು ಕಡೆಯಿಂದ ಹದಿಹರೆಯದಲ್ಲಿ ಬಂದು, ಹಗಲು ಬಟ್ಟಲು ತೊಳೆದು ರಾತ್ರಿ ಶಾಲೆಯಲ್ಲಿ ಕಲಿತವರು. ಒಂದು ಹೊಟೇಲು ಬಿಟ್ಟು ಇನ್ನೊಂದಕ್ಕೆ ಹೇಳದೆ ಓಡಿದವರೂ ಇದ್ದಾರೆ; ಅವರಲ್ಲಿ ಕೆಲವರು ಇಂದು ಮಾಲಕರು. ಅಂದು ಬೈಗುಳ ಸಿಕ್ಕಿತು, ಸಂಬಳ ಮುರಿಯಿತು, ಆದರೆ ಮುಖ ಊರೆಲ್ಲ ಹರಿದಾಡಲಿಲ್ಲ. ಇಂದಿನ ಬಿಹಾರದ, ಒಡಿಶಾದ ಹುಡುಗನ ಆಧಾರ್ ಸಂಖ್ಯೆ ಒಮ್ಮೆ ನೂರಾರು ಮೊಬೈಲಿಗೆ ಹೋದರೆ ವಾಪಸು ತರಲು ಯಾರಿಂದಲೂ ಆಗದು. ಅದನ್ನು ಬಳಸಿ ಯಾರೋ ಸಿಮ್ ತೆಗೆದರೆ ಠಾಣೆ ಹತ್ತುವವನು ಆತ. ಹೊಸ ಕಾಯಿದೆಯ ದಂಡವೂ ಸರಕಾರದ ಬೊಕ್ಕಸಕ್ಕೇ ಹೋಗುತ್ತದೆ, ಆತನಿಗೆ ಬಿಡಿಗಾಸಿಲ್ಲ. ಇದು ಕಾಯಿದೆಯ ದೊಡ್ಡ ಕೊರತೆ ಎಂದೇ ನಮ್ಮ ಅಭಿಪ್ರಾಯ.

ನೌಕರರ ಮಾಹಿತಿ ಇಟ್ಟುಕೊಳ್ಳಲು, ಠಾಣೆಗೆ ಕೊಡಬೇಕಾದ್ದನ್ನು ಕೊಡಲು, ವಿದೇಶಿ ಅತಿಥಿಯ ವಿವರದ ಫಾರ್ಮ್ ತುಂಬಲು ಯಾವ ಅಡ್ಡಿಯೂ ಇಲ್ಲ. ಮುಂಗಡ ಹೋಗಿದ್ದರೆ ಪೊಲೀಸರಿಗೆ ದೂರು ಕೊಡಿ; ಆತನನ್ನು ಇಟ್ಟುಕೊಳ್ಳಲು ಹೊರಟ ಮಾಲಕರು ಫೋನ್ ಮಾಡಿ ಕೇಳಿದರೆ ಇದ್ದದ್ದು ಹೇಳಿ. ಬಿಲ್ಲು ಕೊಡದೆ ಹೋದ ಗಿರಾಕಿಯ ಸಿಸಿಟಿವಿ ಚಿತ್ರಕ್ಕೂ ಇದೇ ದಾರಿ. ಗುರುತಿಗೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಹೊಟೇಲುಗಳ ಹೆಸರೆತ್ತಿ, ಆಧಾರ್ ಪ್ರತಿ ಇಟ್ಟುಕೊಳ್ಳುವುದೇ ಅಪರಾಧ ಎಂದು ಸೂಚನೆ ಹೊರಡಿಸಿ, ಗೊಂದಲವಾದಾಗ ಎರಡೇ ದಿನದಲ್ಲಿ ಹಿಂತೆಗೆದುಕೊಂಡಿತ್ತು. ಸೂಚನೆ ಹೋಯಿತು, ಮಾಸ್ಕ್ಡ್ ಆಧಾರ್ ಸೌಲಭ್ಯ ಹಾಗೆಯೇ ಇದೆ. ಅದನ್ನು ಪ್ರಾಧಿಕಾರದ ತಾಣದಿಂದ ಕೆಲಸಗಾರನೇ ಮೊಬೈಲಿನಲ್ಲಿ ತೆಗೆದುಕೊಡಬಹುದು, ಖರ್ಚಿಲ್ಲ.