ಮೂರೇ ಅಕ್ಷರದ ಪದ, ಅರ್ಥ ಎಷ್ಟು? ಊಹಿಸಿ!

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳನ್ನು ಹೊತ್ತು ತಿರುಗುವ ಕ್ರಿಯಾಪದ ಯಾವುದು? ಹೇಳಿ ನೋಡೋಣ!

ಉದ್ದುದ್ದ ಪದಗಳ ಬೆನ್ನು ಹತ್ತಬೇಡಿ. ಲ್ಯಾಟಿನ್, ಗ್ರೀಕ್ ಮೂಲದ ಗಂಭೀರ ಪದಗಳನ್ನೆಲ್ಲ ಪಕ್ಕಕ್ಕಿಡಿ. ಇದು ಪುಟ್ಟ ಪದ. ಇಂಗ್ಲಿಷಿನಲ್ಲಿ ಬರೆದರೆ ಮೂರೇ ಅಕ್ಷರ. ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಇಂಗ್ಲಿಷ್ ಬಾರದ ಅಜ್ಜನಿಗೂ ಗೊತ್ತು! ಟಿ.ವಿ. ಮುಂದೆ ಕೂತು "ಎಷ್ಟಾಯ್ತೋ?" ಎಂದು ಅಜ್ಜ ಕೇಳುವುದು ಇದರ ಲೆಕ್ಕವನ್ನೇ.

ಹೌದು, ರನ್!

ಅದಕ್ಕೇನು, ಓಡು ಎಂದು ಅರ್ಥ, ಅಷ್ಟೇ ತಾನೆ? ಅಷ್ಟೇ ಅಲ್ಲ! ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಹತ್ತು ಅರ್ಥ? ಐವತ್ತು? ನೂರು? ಉತ್ತರವನ್ನು ಈಗಲೇ ಹೇಳುವುದಿಲ್ಲ.

ಮೊದಲು ಲಂಡನ್ನಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಬೆಳಗಿನ ಹೊತ್ತು. ಮನೆಯೊಡತಿ ಸ್ನಾನದ ತೊಟ್ಟಿಗೆ ನೀರು ಬಿಡುತ್ತಾಳೆ. ಅದು ರನ್! ಮಗನ ಮೂಗು ಸೋರುತ್ತಿದೆ. ಅದೂ ರನ್! ಮೈ ಮುಟ್ಟಿದರೆ ಜ್ವರ. ಅದೂ ರನ್! ಒಗೆಯಲು ಹಾಕಿದ ಕೆಂಪು ಅಂಗಿ ಬಣ್ಣ ಬಿಟ್ಟಿದೆ. ರನ್! ಡಬ್ಬಿಯಲ್ಲಿ ಸಕ್ಕರೆ ಮುಗಿದಿದೆ. ರನ್! ತರಲು ಹೊರಟರೆ ದಾರಿಯಲ್ಲಿ ಹಳೆಯ ಗೆಳತಿ ಅಕಸ್ಮಾತ್ತಾಗಿ ಸಿಕ್ಕಳು. ರನ್! ಆ ಗೆಳತಿ ಈಗ ಹೋಟೆಲ್ ನಡೆಸುತ್ತಾಳಂತೆ. ರನ್! ಅವಳ ಹಟ ಮನೆತನದಿಂದಲೇ ಬಂದದ್ದಂತೆ. ಅದೂ ರನ್ನೇ!

ಇಷ್ಟರಲ್ಲಿ ಯಾರಾದರೂ ಓಡಿದರೇ? ಒಬ್ಬರೂ ಇಲ್ಲ!

ಈಗ ನಿಮ್ಮ ಸಂಖ್ಯೆಯನ್ನು ಹೊರತೆಗೆಯಿರಿ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಸಂಪಾದಕರಲ್ಲಿ ಒಬ್ಬರಾದ ಪೀಟರ್ ಗಿಲಿವರ್ ಈ ಒಂದು ಪದದ ಅರ್ಥಗಳನ್ನು ಬಿಡಿಸಿ, ವಿಂಗಡಿಸಿ, ಜೋಡಿಸಲು ಕೂತರು. ಒಂದು ವಾರ ಹಿಡಿದಿರಬಹುದೇ? ಒಂದು ತಿಂಗಳು?

ಒಂಬತ್ತು ತಿಂಗಳು! ಒಂದೇ ಪದಕ್ಕೆ!

ಕೊನೆಗೆ ಅವರ ಎಣಿಕೆ ಎಲ್ಲಿ ನಿಂತಿತು ಗೊತ್ತೇ?

645!

ಮತ್ತೊಮ್ಮೆ ಓದಿ. ಆರುನೂರ ನಲವತ್ತೈದು ಅರ್ಥಗಳು! ಅದೂ ಕ್ರಿಯಾಪದಕ್ಕೆ ಮಾತ್ರ. ನಾಮಪದವಾಗಿ ಬರುವ ರನ್‌ಗೆ ನಿಘಂಟಿನಲ್ಲಿ ಬೇರೆಯದೇ ನಮೂದು ಇದೆ!

ರನ್ ಪಟ್ಟವೇರುವ ಮೊದಲು ಅಲ್ಲಿ ಕೂತಿದ್ದವರು ಯಾರು? ಅದೂ ಮೂರಕ್ಷರದ ಪದವೇ: ಸೆಟ್. 1989ರಲ್ಲಿ ಇದೇ ನಿಘಂಟಿನ ಎರಡನೇ ಆವೃತ್ತಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ಸೆಟ್‌ನದು. ಕ್ರಿಯಾಪದವೊಂದಕ್ಕೇ 430 ಅರ್ಥಗಳು, ಅವುಗಳ ವಿವರಣೆಗೆ ಸುಮಾರು 60,000 ಪದಗಳು. ಒಂದು ಪದವನ್ನು ವಿವರಿಸಲು ಒಂದು ಇಡೀ ಕಾದಂಬರಿಯಷ್ಟು ಬರವಣಿಗೆ! ಅಂಥ ಸೆಟ್ಟನ್ನೂ ಹಿಂದೆ ಹಾಕಿ ರನ್ ಮುಂದೆ ಬಂತು.

ಹೇಗೆ? ಕಾರಣ ಕೇಳಿದರೆ ರೋಮಾಂಚನವಾಗುತ್ತದೆ. ಯಂತ್ರಗಳು!

ಕುದುರೆಗೆ ಕಾಲಿದೆ, ಓಡುತ್ತದೆ. ಕಾಲಿಲ್ಲದ ಉಗಿಬಂಡಿ ಏನು ಮಾಡಬೇಕು? 1825ರಲ್ಲಿ ಇಂಗ್ಲೆಂಡಿನ ಸ್ಟಾಕ್ಟನ್ ಮತ್ತು ಡಾರ್ಲಿಂಗ್ಟನ್ ನಡುವೆ ಉಗಿಬಂಡಿಯ ಸಾರ್ವಜನಿಕ ರೈಲು ಶುರುವಾಯಿತು. ರೈಲು ರನ್ ಆಯಿತು. ಗಿರಣಿ, ಎಂಜಿನ್, ಮೋಟಾರು, ಎಲ್ಲವೂ ರನ್! ಕಾರು ಪೆಟ್ರೋಲಿನ ಮೇಲೆ ರನ್, ಗಡಿಯಾರ ಬ್ಯಾಟರಿಯ ಮೇಲೆ ರನ್. ಆಮೇಲೆ ಕಂಪ್ಯೂಟರ್ ಬಂತು. ಅದರೊಳಗಿನ ಪ್ರೋಗ್ರಾಮೂ ರನ್! ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಚೇರಿಗೆ ಬೇಕಾದರೂ ಹೋಗಿ, "ಒಂದ್ಸಲ ರನ್ ಮಾಡಿ ನೋಡು" ಎಂಬ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಕೂತ ಕುರ್ಚಿಯಿಂದ ಯಾರೂ ಏಳುವುದಿಲ್ಲ!

ಈಗ ನಿಮಗೊಂದು ಸವಾಲು. ಬುಲ್ ರನ್ ಎಂದರೇನು?

ಗೂಳಿ ಓಟ ಎಂದಿರಾ? ಸರಿ! ಸ್ಪೇನಿನ ಪಾಂಪ್ಲೋನಾದಲ್ಲಿ ಪ್ರತಿ ಜುಲೈನಲ್ಲಿ ಇಕ್ಕಟ್ಟಾದ ಬೀದಿಗಳಲ್ಲಿ ಗೂಳಿಗಳನ್ನು ಬಿಡುತ್ತಾರೆ, ಅವುಗಳ ಮುಂದೆ ಜನ ಪ್ರಾಣ ಕೈಯಲ್ಲಿ ಹಿಡಿದು ಓಡುತ್ತಾರೆ. ಷೇರುಪೇಟೆ ಎಂದಿರಾ? ಅದೂ ಸರಿ! ಬೆಲೆಗಳು ಬಹುಕಾಲ ಏರುತ್ತಲೇ ಹೋದರೆ ಮುಂಬಯಿಯ ದಲಾಲ್ ಸ್ಟ್ರೀಟಿನಲ್ಲೂ ಅದೇ ಹೆಸರು. ಆದರೆ ಮೂರನೆಯದೊಂದಿದೆ!

1861ರ ಜುಲೈ 21. ಅಮೆರಿಕದ ಅಂತರ್ಯುದ್ಧದ ಮೊದಲ ದೊಡ್ಡ ಕಾಳಗ. ಅದನ್ನು ಬುಲ್ ರನ್ ಕಾಳಗ ಎನ್ನುತ್ತಾರೆ. ಅಲ್ಲಿ ಗೂಳಿ ಓಡಿತೇ? ಇಲ್ಲ. ಬೆಲೆ ಏರಿತೇ? ಅದೂ ಇಲ್ಲ. ಬುಲ್ ರನ್ ಎಂಬುದು ವರ್ಜೀನಿಯಾದ ಒಂದು ಹಳ್ಳದ ಹೆಸರು! ಅಮೆರಿಕದ ಆ ಸೀಮೆಯಲ್ಲಿ ಹಳ್ಳ, ತೊರೆಗಳಿಗೇ ರನ್ ಎನ್ನುತ್ತಾರೆ. ಒಂದೇ ಜೋಡಿಪದ, ಒಂದು ಕಡೆ ಹಬ್ಬ, ಒಂದು ಕಡೆ ಹಣ, ಒಂದು ಕಡೆ ನೀರು!

ಬೇರೊಂದು ರನ್ ಇದೆ, ಎದೆ ನಡುಗಿಸುವಂಥದ್ದು. ಬ್ಯಾಂಕ್ ಮುಳುಗುತ್ತದೆಂಬ ಭಯ ಹಬ್ಬಿ, ಠೇವಣಿದಾರರೆಲ್ಲ ಒಮ್ಮೆಲೇ ದುಡ್ಡು ಹಿಂತೆಗೆಯಲು ಮುಗಿಬೀಳುವುದು. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಹೀಗಾಯಿತು. ಅಲ್ಲಿ ಕಂಡದ್ದು ಓಟವಲ್ಲ, ಬೀದಿಯುದ್ದಕ್ಕೂ ಅಲುಗಾಡದೆ ನಿಂತ ಸಾಲು! ನಿಂತವರದ್ದೂ ರನ್!

ಈಗ ನಮ್ಮ ಮೈದಾನಕ್ಕೆ ಬನ್ನಿ. ಕ್ರಿಕೆಟ್ಟಿನಲ್ಲಾದರೂ ರನ್ ಎಂದರೆ ಓಟವೇ ಅಲ್ಲವೇ? ನಮ್ಮ ರಾಹುಲ್ ದ್ರಾವಿಡ್ ಟೆಸ್ಟ್‌ಗಳಲ್ಲಿ ಗಳಿಸಿದ್ದು 13,288 ರನ್. ಇದರಲ್ಲಿ ಓಡದೆ ಬಂದದ್ದೆಷ್ಟು? ಊಹಿಸಿ!

ಬೌಂಡರಿಗಳು 1,654. ಸಿಕ್ಸರ್‌ಗಳು 21. ಗುಣಿಸಿ, ಕೂಡಿಸಿ. 6,742! ಸರಿಸುಮಾರು ಅರ್ಧಕ್ಕೆ ಅರ್ಧ! ಚೆಂಡು ಗೆರೆ ದಾಟಿದರೆ ಸಾಕು, ಕ್ರೀಸಿನಲ್ಲೇ ನಿಂತವನಿಗೆ ನಾಲ್ಕು ರನ್. ಬೇಸ್‌ಬಾಲಿನಲ್ಲಿ ಹಾಗಲ್ಲ. ಚೆಂಡನ್ನು ಮೈದಾನದ ಆಚೆಗೇ ಹೊಡೆದರೂ ಹೊಡೆದವನು ನಾಲ್ಕೂ ಬೇಸ್ ಮುಟ್ಟಿ ಸುತ್ತು ಹಾಕಿಯೇ ಬರಬೇಕು. ಅಷ್ಟೆಲ್ಲ ಸುತ್ತಿದರೂ ಅವನ ಪಾಲಿಗೆ ಸಿಗುವುದು ಒಂದೇ ರನ್!

ಚುನಾವಣೆ ನೋಡಿ, ಇನ್ನೂ ಸೊಗಸು! ಅಮೆರಿಕದ ಅಭ್ಯರ್ಥಿ ಅಧ್ಯಕ್ಷ ಪದವಿಗೆ ರನ್ ಮಾಡುತ್ತಾನೆ. ಅಟ್ಲಾಂಟಿಕ್ ದಾಟಿ ಬ್ರಿಟನ್ನಿಗೆ ಬನ್ನಿ, ಅಲ್ಲಿನ ಅಭ್ಯರ್ಥಿ ಪಾರ್ಲಿಮೆಂಟಿಗೆ ಸ್ಟ್ಯಾಂಡ್ ಮಾಡುತ್ತಾನೆ, ಅಂದರೆ ನಿಲ್ಲುತ್ತಾನೆ! ಭಾಷೆ ಒಂದೇ, ಕೆಲಸ ಒಂದೇ. ಒಂದು ದಡದಲ್ಲಿ ಓಟ, ಇನ್ನೊಂದು ದಡದಲ್ಲಿ ನಿಲುವು. ಕನ್ನಡದವರು ಯಾರ ಪಕ್ಷ? "ಈ ಸಲ ನಮ್ಮೂರಿಂದ ಯಾರು ನಿಂತಿದ್ದಾರೆ?" ನಾವೂ ನಿಲ್ಲುವವರೇ!

ಹಾಗಾದರೆ ಇಂಗ್ಲಿಷ್ ಓಡುವ ಉಳಿದ ಕಡೆ ಕನ್ನಡ ಏನು ಮಾಡುತ್ತದೆ? ಸ್ವಲ್ಪ ಯೋಚಿಸಿ. ಅಂಗಡಿ ನಡೆಸುತ್ತೇವೆ. ಶಾಲೆ ನಡೆಸುತ್ತೇವೆ. ಸಂಸಾರ ನಡೆಸುತ್ತೇವೆ. ಇಂಗ್ಲಿಷ್ ಓಡಿಸುವ ಇವನ್ನೆಲ್ಲ ಕನ್ನಡ ನಡೆಸುತ್ತದೆ! ಕೆಲಸ ಎರಡೂ ಕಡೆ ಅದೇ, ಹೆಜ್ಜೆ ಮಾತ್ರ ಬೇರೆ.

ಆದರೆ ಎರಡೂ ಭಾಷೆ ಒಟ್ಟಿಗೇ ಓಡುವ ಕಡೆಯೂ ಇದೆ. ಎಲ್ಲಿ ಹೇಳಿ? ಚಿತ್ರಮಂದಿರದಲ್ಲಿ! 1972ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಲಂಡನ್ನಿನಲ್ಲಿ ಅಗಾಥಾ ಕ್ರಿಸ್ಟಿಯ ನಾಟಕ 'ದಿ ಮೌಸ್‌ಟ್ರ್ಯಾಪ್' 1952ರ ನವೆಂಬರ್ 25ಕ್ಕೆ ಶುರುವಾಯಿತು. ಎಲ್ಲಿಯವರೆಗೆ ಓಡಿರಬಹುದು? 1960? 1975? ಅಲ್ಲ! 2020ರ ಮಾರ್ಚ್‌ವರೆಗೆ! ಅದನ್ನು ನಿಲ್ಲಿಸಲು ಕೊರೋನಾವೇ ಬರಬೇಕಾಯಿತು. ಮರುವರ್ಷ ಮತ್ತೆ ಶುರು!

ಎಲ್ಲಕ್ಕಿಂತ ದೊಡ್ಡ ಅಚ್ಚರಿ ಈಗ. ಸೋರುವ ಮೂಗು, ಬಿಡುವ ಬಣ್ಣ, ತುಂಬುವ ತೊಟ್ಟಿ, ವರ್ಜೀನಿಯಾದ ಹಳ್ಳ. ಇವೆಲ್ಲ ಓಟಕ್ಕೆ ಆಮೇಲೆ ಅಂಟಿಕೊಂಡ ಅರ್ಥಗಳು ಎಂದುಕೊಂಡಿರಾ? ಅಲ್ಲವೇ ಅಲ್ಲ! ನೀರು ಈ ಪದದ ಬೇರಿನಲ್ಲೇ ಇದೆ. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ರಿನ್ನನ್. ಅದರ ಜರ್ಮನ್ ಬಂಧು ರಿನ್ನೆನ್ ಇಂದಿಗೂ ಬದುಕಿದೆ. ಅದರ ಅರ್ಥ? ಹರಿ!

ಈಗ ಹಳಗನ್ನಡ ನಿಘಂಟು ತೆರೆಯಿರಿ. ಪರಿ ಎಂಬ ಧಾತುವನ್ನು ಹುಡುಕಿ. ನಮ್ಮ ಇಂದಿನ ಹರಿ ಆದದ್ದು ಅದೇ. ಅರ್ಥ ಏನಿದೆ ನೋಡಿ. ಹರಿ ಎಂದೂ ಇದೆ, ಓಡು ಎಂದೂ ಇದೆ! ಎರಡೂ ಒಂದೇ ಪದದಲ್ಲಿ! ನಂಟೇ ಇಲ್ಲದ ಎರಡು ಭಾಷಾಕುಟುಂಬಗಳು. ಒಂದು ಯೂರೋಪಿನ ಉತ್ತರದಲ್ಲಿ, ಇನ್ನೊಂದು ಭಾರತದ ದಕ್ಷಿಣದಲ್ಲಿ. ಎರಡಕ್ಕೂ ಓಡುವ ಕಾಲಿನಲ್ಲಿ, ಹರಿಯುವ ಹೊಳೆಯಲ್ಲಿ ಕಂಡದ್ದು ಒಂದೇ ಚಲನೆ!

645 ಇಲ್ಲಿಗೇ ನಿಲ್ಲುವ ಸಂಖ್ಯೆಯಲ್ಲ. ಹೊಸ ಯಂತ್ರ ಬಂದಾಗ, ಹೊಸ ಆಟ ಹುಟ್ಟಿದಾಗ ಜನ ಕೈ ಹಾಕುವುದು ನಾಲಿಗೆಯ ತುದಿಯಲ್ಲಿರುವ ಚಿಕ್ಕ ಪದಕ್ಕೇ. ಪದ ಸಣ್ಣದಾದಷ್ಟೂ, ಬಳಕೆ ಹೆಚ್ಚಾದಷ್ಟೂ ಅದರ ಹೊರೆ ದೊಡ್ಡದು! ಹೆಸರಿಗಷ್ಟೇ ದೊಡ್ಡದಾದ ಎಷ್ಟೋ ಪದಗಳು ಒಂದೇ ಅರ್ಥ ಹಿಡಿದು ಜೀವಮಾನ ಕಳೆಯುತ್ತವೆ.

ಇವತ್ತಿನ ಇಂಗ್ಲಿಷ್ ಪತ್ರಿಕೆ ಮನೆಯಲ್ಲಿದ್ದರೆ ಕೈಗೆತ್ತಿಕೊಳ್ಳಿ. ಮೊದಲ ಪುಟ, ವಾಣಿಜ್ಯ ಪುಟ, ಕ್ರೀಡಾ ಪುಟ, ಮೂರೇ ಸಾಕು. ಕಂಡ ಕಂಡ ರನ್ನಿಗೆಲ್ಲ ಪೆನ್ಸಿಲ್ಲಿನಿಂದ ಸುತ್ತು ಹಾಕಿ. ಪ್ರತಿಯೊಂದಕ್ಕೂ ಕನ್ನಡದಲ್ಲಿ ಏನು ಹೇಳುತ್ತೀರಿ ಎಂದು ಪಕ್ಕದಲ್ಲಿ ಬರೆಯಿರಿ. ನಡೆ, ಹರಿ, ಸೋರು, ನಿಲ್ಲು, ಮುಗಿ, ಓಡು… ಎಷ್ಟು ಬಗೆ ಸಿಕ್ಕವು, ನೀವೇ ಎಣಿಸಿ!