ಏಕಾದಶಿ ಉಪವಾಸ, ಶುಗರ್ ಮಾತ್ರೆ ಮತ್ತು ಅಮ್ಮನ ಮರೆವು

ಹೃದಯದ ಡಾಕ್ಟರಿಗೆ ಮರೆವಿನ ಉಸಾಬರಿ ಏಕೆ ಎನ್ನಬೇಡಿ. ಹೃದಯದ ರಕ್ತನಾಳ ಕೆಡಿಸುವ ಶುಗರ್, ಬಿಪಿ ಮಿದುಳಿನ ಸಣ್ಣ ನಾಳಗಳನ್ನೂ ಬಿಡುವುದಿಲ್ಲ.

ಕಳೆದ ಚಳಿಗಾಲದಲ್ಲಿ ನೊಯ್ಡಾದಲ್ಲಿರುವ ಮಗ ತಾಯಿಯನ್ನು ಕರೆತಂದಿದ್ದರು. ದಾವಣಗೆರೆ ಕಡೆಯವರು, ಎಪ್ಪತ್ತರ ಹತ್ತಿರ. "ಅಮ್ಮ ಗ್ಯಾಸ್ ಆರಿಸೋದು ಮರೀತಾರೆ ಡಾಕ್ಟ್ರೇ. ಮೊನ್ನೆ ಲಿಫ್ಟ್‌ನಲ್ಲಿ ನಮ್ಮದು ಯಾವ ಫ್ಲೋರ್ ಅಂತ ಗೊತ್ತಾಗದೆ ನಿಂತುಬಿಟ್ಟಿದ್ರು." ವಯಸ್ಸಾಯಿತು ಎಂದು ಮನೆಯವರು ಸುಮ್ಮನಿದ್ದರು. ಗ್ಲುಕೋಮೀಟರ್ ತೆಗೆದು ನೋಡಿದೆ, ಆ ಸಂಜೆ ಶುಗರ್ 54. ಅಂದು ಏಕಾದಶಿ. ಊಟ ಬಿಟ್ಟಿದ್ದರು, ಗ್ಲಿಮೆಪಿರೈಡ್ ಮಾತ್ರೆ ಬಿಟ್ಟಿರಲಿಲ್ಲ!

70ಕ್ಕಿಂತ ಕೆಳಗಿಳಿದರೆ ಲೋ ಶುಗರ್. ಹಿರಿಯರಲ್ಲಿ ಬೆವರು, ನಡುಕ ಇಲ್ಲದೆ ಬರೀ ಗಲಿಬಿಲಿ ಕಾಣಿಸಬಹುದು. ತೀವ್ರ ಲೋ ಶುಗರ್ ಆದವರಲ್ಲಿ ಮುಂದೆ ಡಿಮೆನ್ಷಿಯಾ ಹೆಚ್ಚು ಕಂಡುಬಂದಿದೆ. ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಆದರೆ ಗ್ಯಾಸ್ ಮರೆಯುತ್ತಿದ್ದದ್ದು ಉಪವಾಸವಿಲ್ಲದ ದಿನಗಳಲ್ಲೂ. ರಕ್ತಪರೀಕ್ಷೆ ಮಾಡಿಸಿದರೆ ಬಿ12 ತೀರಾ ಕಡಿಮೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಜೊತೆಗೆ ಶುದ್ಧ ಸಸ್ಯಾಹಾರ. ನಮ್ಮ ಎಷ್ಟೋ ಮನೆಗಳ ಕಥೆ ಇದೇ. ಇದನ್ನು ಓದಿ ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ, ಬಿ12 ಪರೀಕ್ಷೆ ಮಾಡಿಸಿ.

ಇನ್ನು ಊಟ. ರಾಗಿ ಒಳ್ಳೆಯದು, ಆದರೆ ಮುದ್ದೆ ದೊಡ್ಡದಾದರೆ ಶುಗರ್ ಏರುತ್ತದೆ, ಗಂಜಿಯಾದರೆ ಇನ್ನೂ ಬೇಗ. ಚಳಿಗಾಲದ ದೆಹಲಿಯಲ್ಲಿ ಮೇಥಿ, ಪಾಲಕ್, ಬಥುವಾ ಧಾರಾಳ ಸಿಗುತ್ತವೆ. ಮಸ್ಸೊಪ್ಪು ಮಾಡಿ, ಬೇಳೆ ಜಾಸ್ತಿ, ಅನ್ನ ಕಡಿಮೆ. ನೆನಪಿನ ಶಕ್ತಿಯ ಪುಡಿಗಳಿಗೆ ದುಡ್ಡು ಸುರಿಯಬೇಡಿ. ಮಿದುಳಿಗೆಂದೇ ರೂಪಿಸಿದ 'ಮೈಂಡ್' ಆಹಾರಕ್ರಮವೂ 2023ರಲ್ಲಿ ಪ್ರಕಟವಾದ ಮೂರು ವರ್ಷಗಳ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಲಾಭ ತೋರಲಿಲ್ಲ. ಫಿನ್ಲೆಂಡಿನಲ್ಲಿ ಊಟದ ಜೊತೆ ವ್ಯಾಯಾಮ, ಮಿದುಳಿಗೆ ಕೆಲಸ, ಬಿಪಿ-ಶುಗರ್ ನಿಗಾ ಎಲ್ಲವನ್ನೂ ಸೇರಿಸಿದಾಗ ಎರಡು ವರ್ಷಗಳಲ್ಲಿ ಸ್ವಲ್ಪ ಫಲ ಕಂಡಿತು. ನಮ್ಮ ಕೋಲಾರದ ಶ್ರೀನಿವಾಸಪುರದಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ ಹಳ್ಳಿಗರನ್ನು ವರ್ಷಗಳಿಂದ ಗಮನಿಸುತ್ತಿದೆ.

ಹಿಂದಿ ಬಾರದೆ ಹದಿನಾಲ್ಕನೇ ಮಹಡಿಯಲ್ಲಿ ದಿನವಿಡೀ ಒಬ್ಬರೇ ಕೂತ ಅಮ್ಮನ ಮಿದುಳಿಗೆ ಕೆಲಸವಾದರೂ ಎಲ್ಲಿಂದ? ಭಾನುವಾರ ಕನ್ನಡದವರ ಮನೆಗೆ ಕರೆದೊಯ್ಯಿರಿ.

ಆ ತಾಯಿಗೆ ಮಾತ್ರೆ ಬದಲಿಸಿ, ಬಿ12 ಇಂಜೆಕ್ಷನ್ ಕೊಟ್ಟೆವು. ಲಿಫ್ಟ್‌ನ ಗಲಿಬಿಲಿ ಮತ್ತೆ ಆಗಿಲ್ಲ. ಮರೆವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಏಕಾದಶಿಯನ್ನಂತೂ ಅವರು ಬಿಟ್ಟಿಲ್ಲ! ನಿಮ್ಮ ಮನೆಯಲ್ಲೂ ಉಪವಾಸ ಮಾಡುವವರಿದ್ದರೆ, ಅಂದು ಯಾವ ಮಾತ್ರೆ ತೆಗೆದುಕೊಳ್ಳಬೇಕು, ಯಾವುದು ಬೇಡ ಎಂದು ಈ ವಾರವೇ ನಿಮ್ಮ ಡಾಕ್ಟರಿಂದ ಬರೆಸಿಕೊಂಡು ಫ್ರಿಜ್ ಬಾಗಿಲಿಗೆ ಅಂಟಿಸಿ.